ಮೇಷ್ಟ್ರೇ, ಸ್ವಲ್ಪ ಹೊತ್ತು ಪೆನ್ನು ಕೆಳಗಿಡಿ

ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ತರಬೇತಿ ಕಾಲೇಜುಗಳ ಪ್ರಾಂಶುಪಾಲರಿಗೆ, ನಮ್ಮ ಪಠ್ಯಕ್ರಮ ಬರೆಯುವ ಸಮಿತಿಯವರಿಗೆ, ನಾವು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುವ ಮೇಷ್ಟ್ರು, ಮೇಡಂಗಳಿಗೆ

ಮಾನ್ಯರೇ,

ನಾನು ಇಂಗ್ಲಿಷ್ ಟೀಚರ್ ಆಗಲು ಓದುತ್ತಿರುವವಳು. ತರಬೇತಿ ಮುಗಿಯಲು ಇನ್ನು ಕೆಲವೇ ವಾರ ಇದೆ. ಇಂಗ್ಲಿಷ್ ನನ್ನ ಮನೆಮಾತಲ್ಲ. ನನ್ನ ಜೊತೆ ಓದುವ ಯಾರ ಮನೆಮಾತೂ ಅಲ್ಲ. ಪುಸ್ತಕ ನೋಡಿ ಕಲಿತ ಭಾಷೆ ಅದು. ನಾಳೆ ಅದನ್ನೇ ಮಕ್ಕಳಿಗೆ ಕಲಿಸಬೇಕು.

ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಬರೆಯುವುದು ನಮಗೆ ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಬಾಯಿ ಬಿಡುವುದರಲ್ಲಿ. ಸಭೆ ಸೇರಿದಾಗಲೆಲ್ಲ ನೀವು ಒಂದು ಮಾತು ಹೇಳುತ್ತೀರಿ: ‘ಈಗಿನವರಿಗೆ ಆಸಕ್ತಿನೇ ಇಲ್ಲ. ಇಂಗ್ಲಿಷ್ ಟೀಚರ್ ಆಗಬೇಕು ಅಂತಾರೆ, ಇಂಗ್ಲಿಷ್ ಮಾತಾಡಿ ಅಂದ್ರೆ ತಲೆ ತಗ್ಗಿಸ್ತಾರೆ.’ ತಲೆ ತಗ್ಗಿಸುವುದು ನಿಜ. ಆಸಕ್ತಿ ಇಲ್ಲ ಅನ್ನುವುದನ್ನು ಮಾತ್ರ ಒಪ್ಪುವುದಕ್ಕೆ ಆಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ಒಂದು ದಿನದ ಪಾಠದ ಕಥೆ ಹೇಳಬೇಕು.

ಅದು ನನ್ನ ಎರಡನೇ ಸುತ್ತಿನ ಅಭ್ಯಾಸ ಪಾಠ. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳು. ಮೂರು ದಿನ ಕೂತು ಪಾಠಯೋಜನೆ ಬರೆದಿದ್ದೆ. ಒಂದು ಬದಿ ಶಿಕ್ಷಕರ ಚಟುವಟಿಕೆ, ಇನ್ನೊಂದು ಬದಿ ವಿದ್ಯಾರ್ಥಿಗಳ ಚಟುವಟಿಕೆ. ನಾನು ಏನು ಕೇಳುತ್ತೇನೆ, ಮಕ್ಕಳು ಏನು ಹೇಳುತ್ತಾರೆ, ಎಲ್ಲ ಅದರಲ್ಲಿತ್ತು. ಮಕ್ಕಳ ಉತ್ತರವನ್ನೂ ನಾವೇ ಮೊದಲೇ ಬರೆದುಬಿಡುತ್ತೇವೆ, ನಿಮಗೇ ಗೊತ್ತಲ್ಲ. ಹಿಂದಿನ ರಾತ್ರಿ ಅಷ್ಟನ್ನೂ ಬಾಯಿಪಾಠ ಮಾಡಿದ್ದೆ.

ಚಿತ್ರ ಎತ್ತಿ ಹಿಡಿದು ‘ಲುಕ್ ಅಟ್ ದಿಸ್ ಪಿಕ್ಚರ್. ವಾಟ್ ಡು ಯು ಸೀ?’ ಅಂದೆ. ಪಾಠಯೋಜನೆಯ ಪ್ರಕಾರ ಒಬ್ಬ ಹುಡುಗ ಎದ್ದು ‘ಐ ಸೀ ಎ ಟ್ರೀ’ ಅನ್ನಬೇಕಿತ್ತು. ಎದ್ದದ್ದು ಎರಡನೇ ಸಾಲಿನ ಒಬ್ಬ ಹುಡುಗಿ.

‘ಮಿಸ್, ಲುಕ್ ಅಂದ್ರೂ ನೋಡು, ಸೀ ಅಂದ್ರೂ ನೋಡು. ಮತ್ತೆ ಎರಡು ಯಾಕೆ?’

ಎಂಥ ಪ್ರಶ್ನೆ ಅದು! ಒಬ್ಬ ಇಂಗ್ಲಿಷ್ ಟೀಚರಿಗೆ ಇಂಥ ಪ್ರಶ್ನೆ ವರ್ಷಕ್ಕೊಂದು ಸಿಕ್ಕಿದರೂ ಸಾಕು. ಉತ್ತರ ನನಗೆ ಗೊತ್ತಿತ್ತು. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ತಾನಾಗಿ ಆಗುವುದು. ನಮ್ಮ ಭಾಷೆಯಲ್ಲೂ ಆ ಎರಡು ಪದ ಬೇರೆ ಬೇರೆಯೇ ಇವೆ. ‘ಐ ಲುಕ್ಡ್, ಬಟ್ ಐ ಡಿಡಂಟ್ ಸೀ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆರು ಪದ.

ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಹಾಳೆ ಮಗುಚಿದ ಸದ್ದು ಕೇಳಿತು. ಪೆನ್ನಿನ ಕ್ಯಾಪ್ ತೆಗೆದ ಸದ್ದೂ ಕೇಳಿತು. ನನ್ನ ತಲೆಯೊಳಗೆ ಬೇರೆಯೇ ಪರೀಕ್ಷೆ ಶುರುವಾಯಿತು. ‘ಲುಕ್ಡ್’ ಆದ ಮೇಲೆ ‘ಅಟ್’ ಬೇಕಾ, ಬೇಡ್ವಾ? ‘ಡಿಡಂಟ್ ಸೀ’ನಾ, ‘ಡಿಡಂಟ್ ಸಾ’ನಾ? ನಗಬೇಡಿ. ಇದನ್ನೇ ನಾನು ಹಿಂದಿನ ತಿಂಗಳು ವ್ಯಾಕರಣದ ಪತ್ರಿಕೆಯಲ್ಲಿ ಸರಿಯಾಗಿ ಬರೆದಿದ್ದೆ. ಆ ನಿಮಿಷಕ್ಕೆ ಗೊತ್ತಿರಲಿಲ್ಲ, ಅಷ್ಟೇ. ಕನ್ನಡದಲ್ಲಿ ‘ನೋಡು, ಕಾಣು’ ಅಂದುಬಿಡೋಣ ಅಂದರೆ, ಪಾಠದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಂದರೆ ಅಂಕ ಹೋಗುತ್ತದೆ.

‘ವೆರಿ ಗುಡ್ ಕ್ವೆಶ್ಚನ್. ಸಿಟ್ ಡೌನ್’ ಅಂದೆ.

ಹುಡುಗಿ ಕೂತಳು. ಆ ವಾರ ಪೂರ್ತಿ ಮತ್ತೆ ಏಳಲಿಲ್ಲ.

ಪಾಠ ಮುಗಿದ ಮೇಲೆ ವೀಕ್ಷಣೆಯ ಹಾಳೆ ಕೈಗೆ ಬಂತು. ತರಗತಿ ನಿಯಂತ್ರಣ: ಉತ್ತಮ. ಬೋರ್ಡ್ ಬಳಕೆ: ಉತ್ತಮ. ಭಾಷೆ: ಎರಡು ತಪ್ಪು, ಉಚ್ಚಾರಣೆ ಸುಧಾರಿಸಬೇಕು. ಎರಡೂ ತಪ್ಪಿನ ಕೆಳಗೆ ಗೆರೆ ಎಳೆದಿತ್ತು. ಆ ಹುಡುಗಿಯ ಪ್ರಶ್ನೆಯ ಸುದ್ದಿಯೇ ಇರಲಿಲ್ಲ. ಅದನ್ನು ಬರೆಯುವುದಕ್ಕೆ ಹಾಳೆಯಲ್ಲಿ ಒಂದು ಕಾಲಂ ಇರಲಿಲ್ಲ. ಮಗುವಿನ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ‘ನಿಯಂತ್ರಣ ಉತ್ತಮ’ ಅಂತ ಸಿಕ್ಕಿತು. ವೀಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಳೆ ಕೇಳಿದ್ದನ್ನು ತುಂಬಿದರು. ನಾನೂ ಹಾಳೆ ಕೇಳಿದ್ದನ್ನೇ ಮಾಡಿದೆ.

ನಾನು ಹೇಳಬೇಕಾಗಿರುವುದು ಒಂದೇ. ಇಡೀ ತರಬೇತಿಯಲ್ಲಿ ನಾವು ಇಂಗ್ಲಿಷ್ ಮಾತನಾಡುವುದು ಯಾರಾದರೂ ಅಂಕ ಹಾಕುತ್ತಿರುವಾಗ ಮಾತ್ರ. ಬೇರೆ ಯಾವ ಹೊತ್ತಿನಲ್ಲೂ ಅದಕ್ಕೆ ಜಾಗ ಇಲ್ಲ. ಹೀಗಿರುವಾಗ ಮಾತನಾಡುವುದೆಂದರೆ ಸಿಕ್ಕಿಬೀಳುವುದು ಅಂತ ಮನಸ್ಸಿಗೆ ಅಭ್ಯಾಸವಾಗಿಬಿಡುತ್ತದೆ.

ಆಸಕ್ತಿಯ ವಿಷಯಕ್ಕೆ ಬರುತ್ತೇನೆ. ಭಾಷೆ ಕಲಿಯುವುದರ ಬಗ್ಗೆ ಸಂಶೋಧನೆ ಮಾಡಿದ ಕೆಲವರ ಹೆಸರು ಮುಂದೆ ಬರುತ್ತವೆ. ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನವು ನೀವೇ ನಮಗೆ ಪಾಠ ಮಾಡಿದ ಹೆಸರುಗಳು. 1959ರಲ್ಲಿ ಗಾರ್ಡ್‌ನರ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಹೈಸ್ಕೂಲ್ ಮಕ್ಕಳನ್ನು ನೋಡಿ ಹೇಳಿದ್ದನ್ನು ನೀವು ಬೋರ್ಡಿನ ಮೇಲೆ ಬರೆಸಿದ್ದೀರಿ. ಭಾಷೆ ಕಲಿಯುವುದಕ್ಕೆ ಜಾಣತನ ಒಂದೇ ಸಾಲದು, ಆ ಭಾಷೆಯ ಕಡೆಗಿನ ಮನಸ್ಸೂ ಮುಖ್ಯ. ಕೆಲಸಕ್ಕಾಗಿ, ಅಂಕಕ್ಕಾಗಿ ಕಲಿಯುವವರು ಒಂದು ಥರ. ಆ ಭಾಷೆಯ ಜನರ ಹತ್ತಿರ ಹೋಗಬೇಕು ಅಂತ ಕಲಿಯುವವರು ಇನ್ನೊಂದು ಥರ. ನಾವು ಯಾವ ಥರ? ಒಂದು ರಾತ್ರಿ ಹಾಸ್ಟೆಲಿನಲ್ಲಿ ಸುಮ್ನೆ ಎಲ್ಲರನ್ನೂ ಕೇಳಿದೆ. ‘ಯಾಕೆ ಇಂಗ್ಲಿಷ್ ಟೀಚರ್ ಆಗ್ಬೇಕು ನಿಂಗೆ?’

ಕೆಲಸ ಬೇಗ ಸಿಗುತ್ತೆ ಅಂದವರು ಜಾಸ್ತಿ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬಳಿಗೆ ಚಿಕ್ಕಂದಿನಲ್ಲಿ ಇಂಗ್ಲಿಷ್ ಕಲಿಸಿದ ಟೀಚರ್ ತುಂಬ ಹೊಡೆಯುತ್ತಿದ್ದರಂತೆ. ಹೊಡೆಯದೆಯೂ ಇದನ್ನು ಕಲಿಸಬಹುದು ಅಂತ ತೋರಿಸಬೇಕು ಅಂದಳು. ಇನ್ನೊಬ್ಬಳಿಗೆ ಇಂಗ್ಲಿಷ್ ಕಥೆ ಓದುವ ಹುಚ್ಚು. ಅದರ ಬಗ್ಗೆ ಮಾತನಾಡಲು ಒಬ್ಬರೂ ಸಿಗಲಿಲ್ಲವಂತೆ, ಕೊನೆಗೆ ಮಕ್ಕಳಾದರೂ ಸಿಗಲಿ ಅಂತ ಈ ಕಡೆ ಬಂದಳಂತೆ. ಮತ್ತೊಬ್ಬಳು ಮೊಬೈಲಿನಲ್ಲಿ ತನ್ನ ಇಂಗ್ಲಿಷ್ ಮಾತನ್ನು ತಾನೇ ರೆಕಾರ್ಡ್ ಮಾಡಿ, ಕಿವಿಗಿಟ್ಟು ಕೇಳಿ, ಯಾರೂ ನೋಡುವುದರೊಳಗೆ ಅಳಿಸುತ್ತಾಳೆ. ದಿನಾ. ಎರಡು ವರ್ಷದಿಂದ. ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನೀವು ನೋಡಿಲ್ಲ. ನಿಮ್ಮ ಲೆಕ್ಕದಲ್ಲಿ ಅವಳು ‘ಆಸಕ್ತಿ ಇಲ್ಲದವಳು’.

ಹಂಗೇರಿಯ ಝೋಲ್ತಾನ್ ಡೋರ್ನ್ಯೇಯಿ 2005ರಲ್ಲಿ ಹೇಳಿದ ವಿಚಾರ ನನಗೆ ಇವಳನ್ನು ನೋಡಿದಾಗ ಅರ್ಥವಾಯಿತು. ಭಾಷೆ ಕಲಿಯುವವರ ಮನಸ್ಸಿನಲ್ಲಿ ನಾಳಿನ ತಮ್ಮದೇ ಎರಡು ಚಿತ್ರ ಇರುತ್ತವೆ ಅಂತಾರೆ ಅವರು. ಒಂದು, ತಾನು ಆಗಬೇಕು ಅಂತ ಆಸೆಪಡುವ ‘ನಾನು’. ಇನ್ನೊಂದು, ಬೇರೆಯವರು ಬೈಯಬಾರದು ಅಂತ ಆಗಲೇಬೇಕಾದ ‘ನಾನು’. ಮೊಬೈಲಿಗೆ ಮಾತನಾಡುವವಳು ಮೊದಲನೆಯವಳು. ಅಭ್ಯಾಸ ಪಾಠದ ದಿನ ಬೆವರುವವಳು ಎರಡನೆಯವಳು. ಇಬ್ಬರೂ ಒಬ್ಬಳೇ. ನೀವು ನೋಡುವುದು ಮಾತ್ರ ಯಾವಾಗಲೂ ಎರಡನೆಯವಳನ್ನು.

ಇನ್ನೂ ಒಂದು ಹೇಳಬೇಕು. 1998ರಲ್ಲಿ ಮ್ಯಾಕ್‌ಇಂಟೈರ್ ಮತ್ತು ಮೂವರು ಜೊತೆಗಾರರು, ಪರಭಾಷೆಯಲ್ಲಿ ಬಾಯಿ ಬಿಡುವುದರ ಹಿಂದೆ ಏನೇನಿದೆ ಅಂತ ತೋರಿಸುವ ಒಂದು ಪಿರಮಿಡ್ ಬರೆದರು. ಆರು ಹಂತದ್ದು. ಪರೀಕ್ಷೆಗೆ ಅದನ್ನು ಸ್ಕೇಲ್ ಇಟ್ಟು ಬರೆದಿದ್ದೇನೆ, ಇವತ್ತಿಗೂ ಕಣ್ಣು ಮುಚ್ಚಿ ಬರೆಯಬಲ್ಲೆ. ಸ್ವಭಾವ, ಸುತ್ತಲಿನ ಜನ, ಮನೋಭಾವ, ಹಳೆಯ ಹಂಬಲ, ಇವೆಲ್ಲ ಕೆಳಗಿನ ಹಂತಗಳಲ್ಲಿವೆ. ಮಾತು ಹೊರಗೆ ಬರುವುದು ತುದಿಯಲ್ಲಿ. ಅದರ ಕೆಳಗೆ ಮಾತನಾಡಲು ಮನಸ್ಸು ಮಾಡುವುದು. ಅದಕ್ಕೆ ತೀರ ಹತ್ತಿರ ಇರುವುದು ಎರಡೇ: ಈ ಹೊತ್ತಿನಲ್ಲಿ, ಎದುರಿಗಿರುವ ಈ ವ್ಯಕ್ತಿಯ ಜೊತೆ ಮಾತನಾಡಬೇಕು ಅನ್ನುವ ಆಸೆ, ಮತ್ತು ಈಗ ನನ್ನಿಂದ ಆಗುತ್ತದೆ ಅನ್ನುವ ಧೈರ್ಯ. ಕೆಳಗಿನದ್ದೆಲ್ಲ ಗಟ್ಟಿಯಾಗಿದ್ದೂ ಈ ಹಂತದಲ್ಲಿ ಸಿಕ್ಕಿಹಾಕಿಕೊಂಡರೆ ಮಾತು ಬರುವುದಿಲ್ಲ. ಆ ದಿನ ನನಗೆ ಆದದ್ದು ಅದೇ. ಆಸೆ ಇತ್ತು, ಉತ್ತರವೂ ಇತ್ತು, ಆ ಹೊತ್ತು ಮಾತ್ರ ನನ್ನದಾಗಿರಲಿಲ್ಲ.

ಭಯದ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ. ಎಲೇನ್ ಹಾರ್ವಿಟ್ಜ್ ಮತ್ತು ಜೊತೆಗಾರರು 1986ರಲ್ಲೇ ಅದನ್ನು ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದ್ದಾರೆ. ಲೈಬ್ರರಿಯಲ್ಲಿ ಪೆನ್ಸಿಲ್ ಹಿಡಿದು ಕೂತು ನನಗೆ ಹೊಂದುವ ಹೇಳಿಕೆಗೆಲ್ಲ ಟಿಕ್ ಹಾಕುತ್ತ ಹೋದೆ. ನನ್ನ ಹೆಸರು ಕೂಗುತ್ತಾರೆ ಅಂತ ಗೊತ್ತಾದರೆ ನಡುಗುತ್ತೇನೆ, ಬೇರೆಯವರು ನಗುತ್ತಾರೆ ಅಂತ ಅಂಜಿಕೆ, ಎಲ್ಲರೂ ನನಗಿಂತ ಚೆನ್ನಾಗಿ ಮಾತನಾಡುತ್ತಾರೆ ಅನ್ನಿಸುತ್ತದೆ, ಹೀಗೆ. ಸ್ವಲ್ಪ ಹೊತ್ತಿಗೆ ಟಿಕ್ ಹಾಕುವುದನ್ನೇ ನಿಲ್ಲಿಸಿದೆ. ಬೇಜಾರಾಗಿ ಅಲ್ಲ. ನನ್ನೊಬ್ಬಳ ರೋಗ ಅಂದುಕೊಂಡದ್ದಕ್ಕೆ ಅಷ್ಟು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ ಅಂತ ನಗು ಬಂದುಬಿಟ್ಟಿತು.

ಅದೇ ಹಾರ್ವಿಟ್ಜ್ 1996ರಲ್ಲಿ ಬರೆದದ್ದು ನಮಗೆ ಇನ್ನೂ ಹತ್ತಿರದ್ದು. ಇಂಗ್ಲಿಷ್ ಆಗಲಿ, ಫ್ರೆಂಚ್ ಆಗಲಿ, ಪರಭಾಷೆ ಕಲಿಸುವ ಟೀಚರುಗಳಿಗೂ ಈ ಭಯ ಇರುತ್ತದೆ. ಭಯ ಇರುವ ಟೀಚರ್ ತಿಳಿಯದೆಯೇ ಮಾತು ಜಾಸ್ತಿ ಬೇಕಾಗುವ ಚಟುವಟಿಕೆಗಳಿಂದ ತಪ್ಪಿಸಿಕೊಳ್ಳಬಹುದು. ಅಂದರೆ ನನ್ನ ಭಯ ನನ್ನಲ್ಲೇ ನಿಲ್ಲುವುದಿಲ್ಲ. ‘ಸಿಟ್ ಡೌನ್’ ಆಗಿ ಎರಡನೇ ಸಾಲಿನ ಹುಡುಗಿಗೆ ಹೋಗುತ್ತದೆ. ಅವಳು ಮುಂದೆ ಟೀಚರ್ ಆದರೆ ಅವಳ ಮಕ್ಕಳಿಗೂ ಹೋಗುತ್ತದೆ.

ತಪ್ಪೆಲ್ಲ ನಿಮ್ಮದೇ ಅಂತ ಬರೆದರೆ ಅದು ಸುಳ್ಳಾಗುತ್ತದೆ. ನಮ್ಮವರ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಒಬ್ಬಳು ಊಟದ ಹೊತ್ತಿಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಆಡಿದರೆ ಸಾಕು, ಪಕ್ಕದಿಂದ ‘ಓಹೋ, ಇಂಗ್ಲಿಷು!’ ಅಂತ ಬರುತ್ತದೆ. ‘ಏನ್ ಗತ್ತು ನೋಡು ಇವಳ್ದು.’ ಚೆನ್ನಾಗಿ ಮಾತನಾಡಿದರೆ ಜಂಬ, ತಪ್ಪಾಗಿ ಮಾತನಾಡಿದರೆ ನಗೆಪಾಟಲು. ನಾನೂ ಹಾಗೆ ನಕ್ಕವಳೇ. ಒಮ್ಮೆ ಒಬ್ಬಳು ‘ಡಿಸ್ಕಸ್ ಅಬೌಟ್’ ಅಂದಾಗ ‘ಅಬೌಟ್ ಬೇಡಮ್ಮ’ ಅಂದೆ, ಎಲ್ಲರ ಎದುರಿಗೆ. ಅವಳು ಹೇಳುತ್ತಿದ್ದ ವಿಷಯ ಏನು ಅಂತ ಇವತ್ತು ನನಗೆ ನೆನಪಿಲ್ಲ. ‘ಅಬೌಟ್’ ಮಾತ್ರ ನೆನಪಿದೆ. ನೋಡಿ, ಅಂಕದ ಹಾಳೆ ನಮ್ಮ ತಲೆಯೊಳಗೂ ಬಂದು ಕೂತಿದೆ.

ಇದರ ಕೆಳಗೆ ಇನ್ನೊಂದು ಮುಜುಗರ ಇದೆ. ನಮ್ಮ ನಮ್ಮಲ್ಲೇ ಒಂದು ಭಾಷೆ ಇರುವಾಗ ಗೆಳತಿಯ ಹತ್ತಿರ ಇಂಗ್ಲಿಷ್ ಮಾತನಾಡುವುದು ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಅನ್ನಿಸುತ್ತದೆ. ತೋಳು ಉದ್ದ, ಕತ್ತು ಬಿಗಿ. ನಮ್ಮ ಭಾಷೆಯಲ್ಲಿ ನಾನು ತಮಾಷೆ ಮಾಡುತ್ತೇನೆ, ಜಗಳ ಆಡುತ್ತೇನೆ, ಮಾತಿಗೆ ಮಾತು ಕೊಡುತ್ತೇನೆ. ಇಂಗ್ಲಿಷಿನಲ್ಲಿ ನಾನು ತುಂಬ ಒಳ್ಳೆಯ, ತುಂಬ ಬೋರ್ ಹೊಡೆಸುವ ಹುಡುಗಿ. ‘ಯೆಸ್ ಸರ್’, ‘ಥ್ಯಾಂಕ್ಯೂ ಮೇಡಂ’, ಅಷ್ಟೇ. ಈ ದಡ್ಡ ಹುಡುಗಿಯ ವೇಷ ಯಾರಿಗೆ ಇಷ್ಟ? ಅದಕ್ಕೇ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳದೆ ಅದು ಮೈಗೆ ಹೊಂದುವುದೂ ಇಲ್ಲ. ಇಲ್ಲಿ ನಿಮ್ಮ ಸಹಾಯ ಬೇಕು, ಯಾಕೆಂದರೆ ಇದನ್ನು ನಾವೇ ಮುರಿಯುವುದು ಕಷ್ಟ. ಎಲ್ಲರೂ ಒಟ್ಟಿಗೆ ಮಾತನಾಡಬೇಕಾದ ಒಂದು ಗಂಟೆ ಅಂತ ಕಾಲೇಜೇ ಇಟ್ಟರೆ ಯಾರದ್ದೂ ಜಂಬ ಅನ್ನಿಸುವುದಿಲ್ಲ, ಅಲ್ವಾ?

ಗಂಟೆ ಅಂದೆ. ಅದರ ಲೆಕ್ಕವನ್ನೂ ನೋಡಿಬಿಡೋಣ. 60 ನಿಮಿಷದ ಒಂದು ಪೀರಿಯಡ್, 40 ಜನ. ಮೇಷ್ಟ್ರು ಅರ್ಧ ಹೊತ್ತು ಮಾತ್ರ ಮಾತನಾಡುತ್ತಾರೆ ಅಂತ ಇಟ್ಟುಕೊಳ್ಳಿ. (ಇದು ದೊಡ್ಡ ಮನಸ್ಸಿನ ಲೆಕ್ಕ, ನಿಮಗೂ ಗೊತ್ತು.) ಉಳಿದ 30 ನಿಮಿಷವನ್ನು 40 ಜನಕ್ಕೆ ಹಂಚಿದರೆ ತಲೆಗೆ 45 ಸೆಕೆಂಡು. ಎದ್ದು ನಿಂತು, ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಅಷ್ಟು ಮುಗಿಯುತ್ತದೆ. ಅದೇ 30 ನಿಮಿಷ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರೆ ಒಬ್ಬೊಬ್ಬರಿಗೆ 15 ನಿಮಿಷ ಸಿಗುತ್ತದೆ. ಇಪ್ಪತ್ತು ಪಟ್ಟು. ಹೊಸ ಕಟ್ಟಡ ಬೇಡ, ಹೊಸ ಪುಸ್ತಕ ಬೇಡ. ಬೆಂಚು ತಿರುಗಿಸಿದರೆ ಸಾಕು.

ಕೇಳುತ್ತ ಕೇಳುತ್ತ ಮಾತು ತಾನೇ ಬರುತ್ತದೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯ ವಿಷಯಗಳನ್ನು ಫ್ರೆಂಚಿನಲ್ಲೇ ಕಲಿಯುವ ಶಾಲೆಗಳಿವೆ. ಅಲ್ಲಿನ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿದರು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಪಳಗಿದರು. ಮಾತಿನಲ್ಲಿ ಮಾತ್ರ ಹಿಂದೆ ಉಳಿದರು. ಮೆರಿಲ್ ಸ್ವೇನ್ 1985ರಲ್ಲಿ ಕೊಟ್ಟ ಕಾರಣ ಸರಳ: ಅವರಿಗೆ ಆಡುವ ಅವಕಾಶ, ಆಡಲೇಬೇಕಾದ ಒತ್ತಾಯ, ಎರಡೂ ಸಾಕಷ್ಟು ಇರಲಿಲ್ಲ. ಆಡುವಾಗಲೇ ತನಗೆ ಏನು ಬರುವುದಿಲ್ಲ ಅಂತ ಕಲಿಯುವವರಿಗೆ ಗೊತ್ತಾಗುವುದು. ಕೇಳುವಾಗ ಎಲ್ಲವೂ ಬರುತ್ತದೆ ಅನ್ನಿಸುತ್ತಿರುತ್ತದೆ.

ಇದೆಲ್ಲ ನಿಮಗೆ ಹೊಸದಲ್ಲ ಅಂತ ಗೊತ್ತು. ನಮ್ಮ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು: ‘ಮಾತನಾಡುವ ಕೌಶಲ ಬೆಳೆಸುವ ವಿಧಾನಗಳನ್ನು ವಿವರಿಸಿ.’ ಮೂರು ಪುಟ ಬರೆದೆ. ಜೋಡಿ ಮಾತುಕತೆ, ಪಾತ್ರಾಭಿನಯ, ಗುಂಪು ಚರ್ಚೆ. ಒಳ್ಳೆಯ ಅಂಕ ಬಂತು. ಹಾಲ್ ತುಂಬ ಜನ ಮಾತನಾಡುವ ಕೌಶಲದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆವು. ಪಿನ್ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಗಾದೆ ಇಂಗ್ಲಿಷ್ ಟೀಚರುಗಳಿಗೆ ಮಾಡಿದ್ದಲ್ಲ.

ಉಚ್ಚಾರಣೆಯ ಕಾಲಂ ಬಗ್ಗೆ ಒಂದೆರಡು ಮಾತು. ‘ಉಚ್ಚಾರಣೆ ಸುಧಾರಿಸಬೇಕು’ ಅಂತ ಬರೆದರೆ ಏನು ಸುಧಾರಿಸಬೇಕು ಅಂತ ನಮಗೆ ತಿಳಿಯುವುದಿಲ್ಲ. ಯಾರ ಹಾಗೆ ಆಗಬೇಕು? ಲಂಡನ್ನಿನವರ ಹಾಗಾ? ಅಲ್ಲೂ ಎಲ್ಲರದ್ದೂ ಒಂದೇ ಥರ ಇಲ್ಲ. ಮನ್ರೋ ಮತ್ತು ಡರ್ವಿಂಗ್ 1995ರಲ್ಲಿ ತೋರಿಸಿದ ಹಾಗೆ, ಬೇರೆ ಭಾಷೆಯ ಎಳೆತ ಜೋರಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಹುದು. ಎಳೆತ ಒಂದು, ಅರ್ಥವಾಗುವುದು ಇನ್ನೊಂದು. ಬೇರೆ ಬೇರೆ ಮನೆಮಾತಿನವರು ಇಂಗ್ಲಿಷಿನಲ್ಲಿ ಮಾತನಾಡುವಾಗ ಎಲ್ಲಿ ತಪ್ಪು ತಿಳಿವಳಿಕೆ ಆಗುತ್ತದೆ ಅಂತ ನೋಡಿದ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಹೇಳಿದ್ದೂ ನಮಗೆ ಧೈರ್ಯ ಕೊಡುವಂಥದ್ದೇ. ‘ಥಿಂಕ್’, ‘ದಿಸ್’ ಅನ್ನುವಲ್ಲಿ ನಾಲಿಗೆ ಹಲ್ಲಿಗೆ ತಾಗದಿದ್ದರೆ ದೊಡ್ಡ ನಷ್ಟ ಇಲ್ಲ. ‘ಶಿಪ್’, ‘ಶೀಪ್’ ಅನ್ನುವಲ್ಲಿ ಉದ್ದ ತಪ್ಪಿದರೆ ಕಷ್ಟ. ಹ್ರಸ್ವ, ದೀರ್ಘ ಅಂತ ತಿದ್ದಿ ತಿದ್ದಿ ಅಕ್ಷರ ಕಲಿತ ನಮಗೆ ಇದು ಬರದೇ ಇರುತ್ತದೆಯೇ? ಒಂದು ಭಾಷೆ ಯಾರಿಗೆ ಎಷ್ಟು ಬರುತ್ತದೆ ಅಂತ ಅಳೆಯುವ ಯುರೋಪಿನ ಚೌಕಟ್ಟನ್ನು ಮಾಡಿದವರೂ 2020ರ ಪರಿಷ್ಕೃತ ರೂಪದಲ್ಲಿ ‘ಅದೇ ಮನೆಮಾತಿನವರ ಹಾಗೆ’ ಅನ್ನುವ ಅಳತೆಯನ್ನು ಕೈಬಿಟ್ಟಿದ್ದಾರೆ. ನಮ್ಮ ಹಾಳೆಯಲ್ಲಿ ಅದು ಇನ್ನೂ ಯಾಕೆ ಬೇಕು?

ಈಗ ನನ್ನ ಬೇಡಿಕೆ. ವಾರಕ್ಕೆ ಮೂರು ಗಂಟೆ ಅಂಕವಿಲ್ಲದ ಮಾತಿಗೆ ಇಡಿ. ಟೈಮ್‌ಟೇಬಲ್ಲಿನಲ್ಲೇ ಇಡಿ, ಸಂಜೆ ಉಳಿದರೆ ನೋಡೋಣ ಅನ್ನಬೇಡಿ. ಅಲ್ಲಿ ಯಾರೂ ಪೆನ್ನು ಹಿಡಿಯಬಾರದು. ಏನು ಮಾಡಿಸುವುದು ಅಂತ ಯೋಚನೆ ಆದರೆ ಪಾಲ್ ನೇಶನ್ ಬರೆದಿರುವ ನಾಲ್ಕು, ಮೂರು, ಎರಡರ ಆಟ ಇದೆ. ನನಗೆ ಗೊತ್ತಿರುವ ಒಂದು ವಿಷಯವನ್ನು ಒಬ್ಬಳಿಗೆ 4 ನಿಮಿಷ ಹೇಳುತ್ತೇನೆ. ಆಮೇಲೆ ಜಾಗ ಬದಲಿಸಿ ಇನ್ನೊಬ್ಬಳಿಗೆ ಅದನ್ನೇ 3 ನಿಮಿಷದಲ್ಲಿ. ಮತ್ತೊಬ್ಬಳಿಗೆ 2 ನಿಮಿಷದಲ್ಲಿ. ಕೇಳುವವರು ಪ್ರತಿಸಲ ಹೊಸಬರು, ಹಾಗಾಗಿ ಹೇಳುವುದಕ್ಕೆ ಅರ್ಥ ಇರುತ್ತದೆ. ನಾವು ಮೂವರು, ನಾಲ್ವರು ಸೇರಿ ಇದನ್ನು ಮಾಡಿ ನೋಡಿದೆವು. ಮೊದಲ ಸುತ್ತಿನಲ್ಲಿ ತಡವರಿಸಿದ್ದು ಮೂರನೇ ಸುತ್ತಿಗೆ ಹರಿಯುತ್ತದೆ. ಮಾತು ಹರಿದಾಗ ನಮಗೇ ಆಶ್ಚರ್ಯ. ಮೊಬೈಲಿಗೆ ಮಾತನಾಡುವ ಗೆಳತಿ ಮೂರನೇ ಸುತ್ತಿನಲ್ಲಿ ಒಂದು ತಮಾಷೆ ಮಾಡಿದಳು, ಇಂಗ್ಲಿಷಿನಲ್ಲಿ. ನಗು ತಡೆಯಲು ಆಗಲಿಲ್ಲ. ಈ ಸಲದ ನಗು ಬೇರೆ ಥರದ್ದು.

ಆ ಗಂಟೆಗೆ ನೀವೂ ಬನ್ನಿ. ನಮ್ಮ ಜೊತೆ ಬೆಂಚಿನಲ್ಲಿ ಕೂತು ಮಾತನಾಡಿ. ನೀವು ಪದ ಸಿಗದೆ ನಿಂತರೆ, ‘ಏನಂತಾರಪ್ಪ ಅದಕ್ಕೆ’ ಅಂತ ನಮ್ಮನ್ನೇ ಕೇಳಿದರೆ, ನಮಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ? ಮೇಷ್ಟ್ರು ತಡವರಿಸುವುದನ್ನು ನಾವು ನೋಡೇ ಇಲ್ಲ. ಹಾಗಾಗಿ ತಡವರಿಸಿದವರು ಮೇಷ್ಟ್ರಾಗುವುದಿಲ್ಲ ಅಂದುಕೊಂಡಿದ್ದೇವೆ.

ವೀಕ್ಷಣೆಯ ಹಾಳೆಗೆ ಒಂದು ಕಾಲಂ ಸೇರಿಸಿ: ‘ಮಗು ಕೇಳಿದ, ಯೋಜನೆಯಲ್ಲಿ ಇಲ್ಲದ ಪ್ರಶ್ನೆಗೆ ಟೀಚರ್ ಏನು ಮಾಡಿದರು?’ ತಪ್ಪು ಇಂಗ್ಲಿಷಿನಲ್ಲಾದರೂ ಉತ್ತರಿಸಿದವರಿಗೆ ಅಲ್ಲಿ ಅಂಕ ಕೊಡಿ. ‘ಸಿಟ್ ಡೌನ್’ ಅಂದವರಿಗೆ ಕೊಡಬೇಡಿ, ನನಗೂ.

ಟೀಚರ್ ತಪ್ಪು ಮಾತನಾಡಿದರೆ ಮಕ್ಕಳೂ ತಪ್ಪು ಕಲಿಯುತ್ತಾರಲ್ಲ ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಮ್ಮನ್ನು ತಿದ್ದಬೇಡಿ ಅಂತ ನಾನು ಹೇಳುತ್ತಿಲ್ಲ. ಯಾವಾಗ, ಹೇಗೆ ಅನ್ನುವುದಷ್ಟೇ ಮಾತು. ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಫ್ರೆಂಚ್ ತರಗತಿಗಳನ್ನು ನೋಡಿದಾಗ, ಟೀಚರುಗಳು ತಿದ್ದುವ ಸಂದರ್ಭಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಸರಿಯಾದ ವಾಕ್ಯವನ್ನು ತಾವೇ ಹೇಳಿಬಿಡುತ್ತಿದ್ದರು. ಮಕ್ಕಳು ಅದನ್ನು ಹಿಡಿದುಕೊಳ್ಳುತ್ತಿದ್ದದ್ದು ಕಡಿಮೆ. ‘ಏನಂದೆ? ಇನ್ನೊಂದ್ಸಲ ಹೇಳು’ ಅಂತ ಕೇಳಿ ಅವರೇ ಸರಿಮಾಡಿಕೊಳ್ಳಲು ಬಿಟ್ಟಾಗ ಹೆಚ್ಚು ಫಲ ಸಿಗುತ್ತಿತ್ತು. ನಮಗೂ ಹಾಗೇ ಮಾಡಿ. ಪಾಠ ಮುಗಿದ ಮೇಲೆ ಕರೆದು ‘ಆ ವಾಕ್ಯ ಇನ್ನೊಂದ್ಸಲ ಹೇಳಮ್ಮ’ ಅನ್ನಿ. ಹತ್ತರಲ್ಲಿ ಏಳು ಸಲ ನಾವೇ ಸರಿಮಾಡಿಕೊಳ್ಳುತ್ತೇವೆ ಅಂತ ನನ್ನ ನಂಬಿಕೆ. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ಧೈರ್ಯದ ಮಾತು.

ಕೊನೆಯದು, ‘ಇಂಗ್ಲಿಷ್ ಮಾತ್ರ’ ಎಂಬ ನಿಯಮ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಿದರೆ ಒಳ್ಳೆಯದು ಅನ್ನುವ ನಂಬಿಕೆ 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷ್ ಬೋಧನೆಯ ಬಗ್ಗೆ ನಡೆದ ಸಮ್ಮೇಳನದ ಹೊತ್ತಿಗೇ ಗಟ್ಟಿಯಾಗಿತ್ತು. 1992ರಲ್ಲಿ ರಾಬರ್ಟ್ ಫಿಲಿಪ್ಸನ್ ಅದನ್ನು ಬರೀ ಭ್ರಮೆ ಅಂತ ಕರೆದರು. ಇದನ್ನೂ ನೀವೇ ಪಾಠ ಮಾಡಿದ್ದೀರಿ, ನಮ್ಮ ಭಾಷೆಯಲ್ಲೇ, ಚೆನ್ನಾಗಿ ಅರ್ಥವಾಗುವ ಹಾಗೆ. ಆ ದಿನ ‘ನೋಡು, ಕಾಣು’ ಅನ್ನುವ ಎರಡು ಪದ ಬಳಸಲು ಬಿಟ್ಟಿದ್ದರೆ ಅಲ್ಲಿಂದ ಇಂಗ್ಲಿಷಿಗೆ ಹೋಗುವುದು ನನಗೆ ಒಂದೇ ಹೆಜ್ಜೆ. ನಮ್ಮ ಭಾಷೆಗೆ ಬಾಗಿಲು ಹಾಕಿದರೆ ಇಂಗ್ಲಿಷ್ ಒಳಗೆ ಬರುತ್ತದೆ ಅಂತ ಇಲ್ಲ. ಎಷ್ಟೋ ಸಲ ಬರುವುದು ಬರೀ ಮೌನ.

ಮುಂದಿನ ತಿಂಗಳು ನನ್ನ ಕೊನೆಯ ಪಾಠ. ಅದೇ ಶಾಲೆ, ಅದೇ ಮಕ್ಕಳು. ಆ ಹುಡುಗಿ ಎರಡನೇ ಸಾಲಿನಲ್ಲೇ ಇದ್ದಾಳೆ, ವಿಚಾರಿಸಿಕೊಂಡಿದ್ದೇನೆ. ಪಾಠ ಶುರುವಾಗುವ ಮೊದಲು ಅವಳನ್ನು ಎಬ್ಬಿಸಿ, ಅವಳ ಹಳೆಯ ಪ್ರಶ್ನೆಯನ್ನು ಅವಳಿಂದಲೇ ಮತ್ತೆ ಕೇಳಿಸಬೇಕು ಅಂತಿದ್ದೇನೆ. ಕಣ್ಣು ಮುಚ್ಚಿಸಿ, ತೆರೆಸಿ, ಕಿಟಕಿಯ ಆಚೆ ನೋಡಿಸಿ ಉತ್ತರ ಹೇಳುತ್ತೇನೆ. ಏನೇನು ವಾಕ್ಯ ಬರುತ್ತವೆ ಅಂತ ನನಗೂ ಗೊತ್ತಿಲ್ಲ. ಹಾಗಾಗಿ ಪಾಠಯೋಜನೆಯಲ್ಲಿ ಅರ್ಧ ಪುಟ ಖಾಲಿ ಇರುತ್ತದೆ. ದಯವಿಟ್ಟು ಅದರ ಪಕ್ಕದಲ್ಲಿ ‘ಅಪೂರ್ಣ’ ಅಂತ ಬರೆಯಬೇಡಿ.

ಇಂತಿ,
ಇಂಗ್ಲಿಷ್ ಟೀಚರ್ ಆಗಲಿರುವ ಒಬ್ಬ ತರಬೇತಿ ವಿದ್ಯಾರ್ಥಿನಿ